ಕಡತಗಳನ್ನು ಒಂದೊಂದಾಗಿ ಓಡಿಸಬೇಕೆ?

ಎಕ್ಸ್‌ಎಂಎಲ್ ಕಡತಗಳನ್ನು (ಪಠ್ಯದ ಭಾಗಗಳಿಗೆ ಗುರುತು ಹಾಕಿಟ್ಟ ಕಡತಗಳು) ಪರಿವರ್ತಿಸುವ ಬಗೆಗಿನ ಲೇಖನವೊಂದರಲ್ಲಿ, ಪ್ರತಿ ಕಡತವನ್ನೂ ಬೇರೆ ಬೇರೆಯಾಗಿ ಎಕ್ಸ್‌ಎಸ್‌ಎಲ್‌ಟಿಗೆ (ಅವುಗಳ ರೂಪ ಬದಲಿಸುವ ಭಾಷೆ) ಕೊಡಿ ಎಂದು ಲೇಖಕರು ಹೇಳಿದ್ದಾರೆ. ನೂರು ಕಡತಗಳಿಗಾದರೆ ಸರಿ. ಬದಿಯಡ್ಕದಲ್ಲಿ ಕುಳಿತು ಯಕ್ಷಗಾನ ಪದ್ಯಗಳ 12,000 ಕಡತಗಳನ್ನು ನಾನು ಹಾಗೆಯೇ ಓಡಿಸಿ ನೋಡಿದ್ದೇನೆ. ಪ್ರತಿ ಸಲವೂ ಪರಿವರ್ತನೆಯನ್ನು ನಡೆಸುವ ಜಾವಾ ಹೊಸದಾಗಿ ಎದ್ದು ನಿಲ್ಲಬೇಕು. ಪರಿವರ್ತನೆಗಿಂತ ಏಳುವುದಕ್ಕೇ ಹೆಚ್ಚು ಸಮಯ. ನಡುವೆ ಕರೆಂಟು ಹೋದರೆ (ಮಳೆಗಾಲದಲ್ಲಿ ಹೋಗದಿರುವುದುಂಟೇ!) ಎಲ್ಲಿಗೆ ನಿಂತಿತೆಂದು ಹುಡುಕುವ ಕೆಲಸ ಬೇರೆ.

ಈಗ ಎಲ್ಲವನ್ನೂ ಬೇಸ್‌ಎಕ್ಸ್ ಎಂಬ ಎಕ್ಸ್‌ಎಂಎಲ್ ಡೇಟಾಬೇಸ್‌ಗೆ ತುಂಬಿ, ಅದರಲ್ಲಿ ಹುಡುಕುವ, ತಿದ್ದುವ ಭಾಷೆಯಾದ ಎಕ್ಸ್‌ಕ್ವೆರಿಯಿಂದ ತಿದ್ದುತ್ತೇನೆ. ತಾಳದ ಹೆಸರಿರುವ ಆಟ್ರಿಬ್ಯೂಟ್‌ಗೆ (ಗುರುತಿನೊಳಗೆ ಬರೆದ ವಿವರ) ಇಂಡೆಕ್ಸ್, ಅಂದರೆ ಹುಡುಕುಪಟ್ಟಿ, ಇರುವುದರಿಂದ ಝಂಪೆಯ ಪದ್ಯಗಳು ಬೇಕೆಂದರೆ ಅವಷ್ಟೇ ಕೈಗೆ ಸಿಗುತ್ತವೆ. ಆದರೆ ಒಂದು ಕ್ವೆರಿಯ ತಿದ್ದುಪಡಿಗಳೆಲ್ಲ ಕೊನೆಯವರೆಗೆ ಮೆಮೊರಿಯಲ್ಲೇ ಕಾಯುತ್ತವೆ. ಹಾಗಾಗಿ ಕಡತಗಳನ್ನು ಸಾವಿರ ಸಾವಿರವಾಗಿ ಪಾಲು ಮಾಡಿ. ತಿದ್ದಿದಾಗ ಇಂಡೆಕ್ಸ್ ಹಳತಾಗುವುದರಿಂದ, ಮುಗಿದ ಮೇಲೆ ಅದನ್ನು ಮತ್ತೆ ಕಟ್ಟಿ.