ಬಚ್ಚಲ ಗೂಡಿನ್ಯಾಗಿನ ಡಬ್ಬಿಗೋಳು

ನಮ್ಮ ವಿಜಯಪುರದಾಗ ಯಾರ ಮನಿಗಾದ್ರೂ ಹೋದಾಗ ಬಚ್ಚಲದಾಗಿನ ಗೂಡು ಒಂದೀಟು ನೋಡ್ರಿ, ಆ ಮನ್ಯಾಗ ಯಾವ್ಯಾವ ವಯಸ್ಸಿನವ್ರು ಅದಾರ ಅಂತ ಪಟ್ಟಂತ ಹೇಳಬಹುದು. ಕಾಲೇಜಿಗೆ ಹೋಗೋ ಹುಡುಗಿ ಇದ್ರ ನಾಕೈದು ಥರದ ಫೇಸ್ ವಾಶ್, ಒಂದು ಸೀರಮ್ಮು, ಕೈಯಾಗ ತಿಕ್ಕಿದ್ರ ಉಸುಕಿನಂಗ ಕರಕರ ಅನ್ನೋ ಸ್ಕ್ರಬ್ಬು. ಬಾಜೂಕ ಅವರಪ್ಪನ ದಾಡಿ ಬ್ರಶ್ಶು, ಪಟಕಾರದ ತುಣಕು. ಅವ್ವಂದು ಅಂತ ಒಂದ ಒಂದು ಟ್ಯೂಬು, ಅದನ್ನೂ ಬಾಲದ ಕಡೆಯಿಂದ ಸುತ್ತಿ ಸುತ್ತಿ ಹಿಂಡಿ ಇಟ್ಟಿರ್ತಾಳ. ಆಯಿದು, ಅಂದ್ರ ಅಜ್ಜಿದು, ಏನೂ ಇರಂಗಿಲ್ಲ. ಆಯಿಗೆ ಮೈಗೆ, ತಲಿಗೆ, ಒಮ್ಮೊಮ್ಮೆ ಅರಿವಿಗೂ ಒಂದ ಸಾಬೂನ.

ಈ ಗೂಡಿನ್ಯಾಗಿನ ಸಾಮಾನು ಎಲ್ಲಾ ಒಮ್ಮೆ ಹೊರಗ ತಗದು ಸಾಲಾಗಿ ಇಟ್ಟು ನೋಡಿದ್ರ ಒಂದು ಮಜಾ ಗೊತ್ತಾಗ್ತೈತಿ. ಮುಕ್ಕಾಲು ಪಾಲು ಸಾಮಾನು ಚರ್ಮದ ಮ್ಯಾಲಿಂದ ಏನಾರ ತಗಿಯಾಕ ಅಂತ ತಂದದ್ದು. ಎಣ್ಣಿ ತಗಿಯೋದು, ಮೊಡವಿ ತಗಿಯೋದು, ಕಪ್ಪು ತಗಿಯೋದು, ಸತ್ತ ಚರ್ಮ ತಗಿಯೋದು, ಕೂದಲ ತಗಿಯೋದು. ಇದ್ದದ್ದನ್ನ ಉಳಿಸಿಕೊಳ್ಳಾಕ ಅಂತ ತಂದದ್ದು ಒಂದೋ ಎರಡೋ ಸಿಕ್ಕರ ಪುಣ್ಯ, ಅದೂ ಹೋದ ಚಳಿಗಾಲದ ವ್ಯಾಸಲೀನು, ಮುಚ್ಚಳ ಕಳದದ್ದು.

ನಮ್ಮ ಜಿಲ್ಲಾದ ತಿಕೋಟಾ ಕಡೆ ಮಣೂಕದ, ಅಂದ್ರ ಒಣದ್ರಾಕ್ಷಿಯ ಶೆಡ್ ನೋಡಿದವ್ರಿಗೆ ಇದು ಲಗೂನ ತಿಳೀತೈತಿ. ದ್ರಾಕ್ಷಿ ಹಣ್ಣು ಹಂಗ ಬಲಿ ಮ್ಯಾಲ ಹರವಿದ್ರ ಒಣಗಾಕ ಭಾಳ ದಿನ ಹಿಡೀತೈತಿ, ಯಾಕಂದ್ರ ಸಿಪ್ಪಿ ಮ್ಯಾಲ ಬೂದುಬಣ್ಣದ ತೆಳ್ಳನ ಮೇಣ ಇರ್ತೈತಿ, ಅದು ಒಳಗಿನ ನೀರು ಹೊರಗ ಬಿಡಂಗಿಲ್ಲ. ಅದಕ್ಕ ಪೊಟ್ಯಾಶಿಯಂ ಕಾರ್ಬೋನೇಟು, ಡಿಪ್ಪಿಂಗ್ ಆಯಿಲ್ ಕಲಿಸಿದ ನೀರಾಗ ಹಣ್ಣು ಅದ್ದಿ ತಗೀತಾರ, ಮೇಣ ಸಡಲ ಆಗ್ತೈತಿ, ನೀರು ಹಾರಿ ಹೋಗಿ ಹದಿನೈದು ದಿನದ ಆಸುಪಾಸಿನ್ಯಾಗ ಮಣೂಕ ತಯಾರ. ನಮ್ಮ ಮಾರಿ ಮ್ಯಾಲೂ ಇಂಥದ್ದ ಒಂದು ಜಿಡ್ಡಿನ ಪದರ ಐತಿ, ಡಾಕ್ಟರು ಬ್ಯಾರಿಯರ್ ಅಂತಾರ, ಅದರ ಕೆಲಸಾನೂ ಒಳಗಿನ ನೀರು ಹಿಡಿದಿಡೋದ. ನಾವು ದಿನಾ ಎರಡೆರಡು ಸಲ ಖಾರ ಸಾಬೂನ ಹಚ್ಚಿ ತಿಕ್ಕಿ ತಿಕ್ಕಿ ಮೇಣ ತಗದು, ಆಮ್ಯಾಲ ಕನ್ನಡಿ ಮುಂದ ನಿಂತು ಯಾಕವಾ ಮಾರಿ ಹಿಂಗ ಸೊರಗೇತಿ ಅಂತ ಕೇಳತೀವಿ. ಶೆಡ್ಡಿನವ್ರು ರೊಕ್ಕ ಕೊಟ್ಟು ಮಾಡಿಸೋ ಕೆಲಸ, ನಾವು ಮಾರಿಗೆ ಪುಕ್ಕಟ ಮಾಡ್ಕೋತೀವಿ.

ಪುಕ್ಕಟ ಅಲ್ಲ ಬಿಡ್ರಿ, ಫೇಸ್ ವಾಶ್ ರೇಟ್ ನೋಡಿದ್ರ.

ಲೆಕ್ಕ ಹಿಂಗೈತಿ: ಚರ್ಮದ ಪಿಎಚ್, ಅಂದ್ರ ಹುಳಿ-ಕ್ಷಾರದ ಅಳತಿ, ಸುಮಾರು 5, ಸ್ವಲ್ಪ ಹುಳಿ ಕಡೆ. ಸಾದಾ ಸಾಬೂನದ್ದು 9 ರಿಂದ 10, ಕ್ಷಾರದ ಕಡೆ. ಮ್ಯಾಲ ನಮ್ಮ ಬೋರಿನ ಸವಳ ನೀರು, ನೊರಿ ಬರಂಗಿಲ್ಲ, ನೊರಿ ಬರಲಿಲ್ಲ ಅಂತ ಇನ್ನೂ ಸಾಬೂನ ಹಚ್ಚೋದು, ಅದು ನೀರಿನ್ಯಾಗಿನ ಕ್ಯಾಲ್ಸಿಯಂ ಜೋಡಿ ಸೇರಿ ಮೈಮ್ಯಾಲ ಅಂಟ ಕೂಡೋದು, ತೊಳದ ಮ್ಯಾಲೂ ಬರಬರ ಅನ್ನೋದು. ಮಾರಿ ತೊಳಕೊಂಡ ಮ್ಯಾಲ ಚರ್ಮ ಬಿಗದು ಎಳದಂಗ ಆದ್ರ ಸ್ವಚ್ಛ ಆತು ಅಂತ ನಮ್ಮ ಮಂದಿ ಖುಷಿ ಪಡ್ತಾರ, ಖರೇ ಅಂದ್ರ ಅದು ಚರ್ಮ ಒದರೋದು. ಸಾಬೂನದ ಅಂಶ ಇಲ್ಲದ ಮೆತ್ತನ ಕ್ಲೆನ್ಸರ್ ಒಂದು ರಾತ್ರಿ ಹಚ್ಚಿ ತೊಳದ್ರ ಭಾಳ ಮಂದಿಗೆ ಸಾಕು, ಮುಂಜಾನೆ ಬರೇ ನೀರು ನಡೀತೈತಿ, ಇನ್ನ ಮಾರಿ ಹಸಿ ಇರೂ ಮುಂದ ಮಾಯಿಶ್ಚರೈಸರ್ ಹಚ್ಚಿದ್ರ ಆ ನೀರು ಅಲ್ಲೇ ಉಳೀತೈತಿ, ಪೂರಾ ಒಣಗಿದ ಮ್ಯಾಲ ಹಚ್ಚಿದ್ರ ಅಷ್ಟು ಲಾಭ ಇಲ್ಲ.

ಇಪ್ಪತ್ತರ ಹುಡುಗ ಹುಡುಗ್ಯಾರಿಗೆ ಇದನ್ನ ಹೇಳಾಕ ಹೋದ್ರ ಎಣ್ಣಿ ಮಾರಿಗೆ ಮತ್ತ ಕ್ರೀಮ್ ಯಾಕ ಅಂತಾರ. ಅವರದೂ ತಪ್ಪಲ್ಲ. ಆದ್ರ ಎಣ್ಣಿ ಬ್ಯಾರೆ, ನೀರು ಬ್ಯಾರೆ. ಮಾರಿ ಜಿಗಿಜಿಗಿ ಇದ್ದವ್ರಿಗೂ ಒಳಗ ನೀರು ಕಡಿಮಿ ಇರಬಹುದು, ಅವ್ರಿಗೆ ಜೆಲ್ ಥರದ್ದು ಸಿಗ್ತೈತಿ. ಮೊಡವಿಗೆ ಟೂತ್‌ಪೇಸ್ಟ್ ಹಚ್ಚೋ ಪದ್ಧತಿ ಯಾವ ಪುಣ್ಯಾತ್ಮ ಶುರು ಮಾಡಿದನೋ, ಹಲ್ಲಿಗೆ ಮಾಡಿದ್ದನ್ನ ಗಲ್ಲಕ್ಕ ಹಚ್ಚಿದ್ರ ಸುಟ್ಟು ಕರಿ ಕಲಿ ಉಳೀತೈತಿ, ಮೊಡವಿ ನಾಕು ದಿನದ್ದು, ಕಲಿ ತಿಂಗಳುಗಟ್ಟಲೆ. ಇನ್ನೊಂದು ನಮ್ಮ ಜಿಲ್ಲಾದ ಪ್ರೀತಿಯ ಔಷಧ ಲಿಂಬಿಹಣ್ಣು. ಇಂಡಿ ಲಿಂಬಿಗೆ ಜಿಐ ಟ್ಯಾಗೂ, ಅಂದ್ರ ಊರಿನ ಹೆಸರಿನ ಸರ್ಕಾರಿ ಗುರುತೂ ಬಂದೈತಿ, ಉಪ್ಪಿನಕಾಯಿಗೆ, ಶರಬತ್ತಿಗೆ ಅದರ ಮುಂದ ಮತ್ತೊಂದಿಲ್ಲ. ಆದ್ರ ಅದರ ರಸ, ಸಿಪ್ಪಿಯೊಳಗ ಫ್ಯೂರೊಕೌಮರಿನ್ ಅನ್ನೋದು ಇರ್ತೈತಿ, ಅದು ಚರ್ಮದ ಮ್ಯಾಲ ಇದ್ದು ಬಿಸಲು ಬಿತ್ತಂದ್ರ ಬೊಬ್ಬಿ ಏಳ್ತಾವ, ಆಮ್ಯಾಲ ಕಪ್ಪಗ ಪಟ್ಟಿ ಪಟ್ಟಿ. ಬೆಳ್ಳಗ ಆಗಾಕ ಲಿಂಬಿ ಹಚ್ಚಿ ಮಾಳಿಗಿ ಮ್ಯಾಲ ಅರಿವಿ ಒಣಗಿಸಾಕ ಹೋದ ಹುಡುಗಿ ಗತಿ ಹೆಂಗ ಆಗಬೇಕು ಹೇಳ್ರಿ.

ಈ ಬೆಳ್ಳಗ ಆಗೋ ಹುಚ್ಚು ಐತಲ್ಲ, ನನಗ ಸಿಟ್ಟು ಬರೋದ ಇಲ್ಲಿ. ಕನ್ಯಾ ನೋಡಾಕ ಬರ್ತಾರ ಅಂತ ಗೊತ್ತಾದ ಕೂಡ್ಲೆ ಯಾರಾರ ಒಬ್ಬ ವೈನಿ, ಒಬ್ಬ ಅತ್ತಿ, ಮೆಡಿಕಲ್ ಅಂಗಡಿಯಿಂದ ಸಣ್ಣ ಟ್ಯೂಬು ತರಸ್ತಾರ, ಹಚ್ಚು ತಂಗಿ, ಎಂಟ ದಿನದಾಗ ಹೆಂಗ ಹೊಳೀತಿ ನೋಡು ಅಂತ. ಹೊಳೀತೈತಿ, ಸುಳ್ಳಲ್ಲ. ಆ ಟ್ಯೂಬಿನ್ಯಾಗ ಬೀಟಾಮೆಥಾಸೋನೋ ಕ್ಲೋಬೆಟಾಸಾಲೋ ಮೊಮೆಟಾಸೋನೋ ಇರ್ತೈತಿ, ಅಂದ್ರ ಸ್ಟಿರಾಯ್ಡು. ತಿಂಗಳಾನುಗಟ್ಟಲೆ ಹಚ್ಚಿದ್ರ ಚರ್ಮ ಹಾಳಿಯಷ್ಟು ತೆಳ್ಳಗಾಗಿ ಒಳಗಿನ ರಕ್ತನಾಳ ಕಾಣ್ತಾವ, ಗಲ್ಲ ಕೆಂಪಾಗ್ತಾವ, ಮಾರಿ ಮ್ಯಾಲ ಕೂದಲ ಬರ್ತಾವ, ಮೊಡವಿ ತುಂಬತಾವ, ಬಿಟ್ಟರ ಉರಿ, ಹಚ್ಚಿದ್ರ ಆರಾಮ, ಹಿಂಗಾಗಿ ಬಿಡಾಕೂ ಬರಂಗಿಲ್ಲ. 2018ರಾಗ ಸರ್ಕಾರ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಎಚ್‌ನ್ಯಾಗ ಹಾಕಿ ಡಾಕ್ಟರ್ ಚೀಟಿ ಇಲ್ಲದ ಕೊಡಬ್ಯಾಡ್ರಿ ಅಂತು. ವೈನಿ ಚೀಟಿ ಮಾತ್ರ ನಡೀಲಿಕ್ಕೇ ಹತ್ತೇತಿ. ಮದಿವಿ ಆಗಿ ವರ್ಷದ ಮ್ಯಾಲ ಮಾರಿ ಹಾಳಾಗಿ ಚರ್ಮದ ಡಾಕ್ಟರ್ ಮುಂದ ಕುಂತಾಗ ಆ ವೈನಿ ಜೋಡಿ ಹೋಗಿರಂಗಿಲ್ಲ.

ಬಿಸಲಿನ ವಿಷಯಕ್ಕ ಬಂದ್ರ ನಮ್ಮ ಹಿರ್ಯಾರು ನಮಗಿಂತ ಶಾಣ್ಯಾ. ಏಪ್ರಿಲ್ ಮೇದಾಗ ಇಲ್ಲಿ ಬಿಸಲು 40 ಡಿಗ್ರಿ ದಾಟೋದು ಹೊಸದೇನಲ್ಲ, ಹೊಲಕ್ಕ ಹೋಗೋ ಗಂಡಸರು ಪಟಗಾ ಸುತ್ತಿಕೊಳ್ಳೋರು, ಹೆಣ್ಮಕ್ಕಳು ಉದ್ದ ತೋಳಿನ ಕುಪ್ಪಸ, ತಲಿ ಮ್ಯಾಲ ಸೆರಗು, ಅದರೊಳಗ ಅರ್ಧ ಸನ್‌ಸ್ಕ್ರೀನು ಮುಗೀತು. ನಾವು ಪಟಗಾ ತಗದಿವಿ, ಸೆರಗು ತಗದಿವಿ, ಅದರ ಬದಲಿ ಏನೂ ಹಾಕ್ಕೊಳ್ಳಲಿಲ್ಲ. ಎಸ್‌ಪಿಎಫ್ ಅಂದ್ರ ಸನ್‌ಸ್ಕ್ರೀನ್ ಬಿಸಲು ಎಷ್ಟು ತಡೀತೈತಿ ಅನ್ನೋ ಅಂಕಿ, ಅದು 30 ಇದ್ದದ್ದು ಸುಡೋ ಕಿರಣದಾಗ ಸುಮಾರು 97 ಪರ್ಸೆಂಟ್ ತಡೀತೈತಿ, 50 ಇದ್ದದ್ದು 98, ಅಷ್ಟಕ್ಕ ಡಬಲ್ ರೊಕ್ಕ ಕೊಡಬೇಕೋ ಬ್ಯಾಡೋ ನೀವ ನೋಡ್ರಿ. ಆದ್ರ ಆ ಲೆಕ್ಕ ಎರಡು ಬೆರಳಿನ ಉದ್ದಕ್ಕ ಹಿಂಡಿ ಮಾರಿಗೂ ಕುತಿಗಿಗೂ ಹಚ್ಚಿದ್ರ, ಹೊರಗ ಇದ್ರ ಎರಡು ತಾಸಿಗೊಮ್ಮೆ ಮತ್ತ ಹಚ್ಚಿದ್ರ. ನಮ್ಮ ಮಂದಿ ಕುಂಕುಮ ಇಟ್ಟಂಗ ಚಿಟಿಕಿ ತಗೊಂಡು ಮಾರಿ ಪೂರಾ ಸವರತಾರ. ನೆರಳಾಗ ಇದ್ದೀನಿ, ಕಾರಿನ್ಯಾಗ ಇದ್ದೀನಿ ಅನ್ನಾಕೂ ಬರಂಗಿಲ್ಲ, ಗ್ಲಾಸು ಚರ್ಮ ಸುಡೋ ಯುವಿಬಿ ಕಿರಣ ತಡೀತೈತಿ, ಸುಕ್ಕು ಬರಸೋ ಯುವಿಎ ಕಿರಣ ಭಾಳಷ್ಟು ಒಳಗ ಬಿಡ್ತೈತಿ. ಭಾಳ ವರ್ಷ ಗಾಡಿ ಹೊಡದ ಬಸ್ ಡ್ರೈವರ್ ಮಾಮಾಗೋಳ ಎರಡೂ ಕೈ ಬಾಜೂ ಬಾಜೂ ಇಟ್ಟು ನೋಡ್ರಿ, ಕಿಡಕಿ ಕಡೆ ಇರೋ ಬಲಗೈ ಬಣ್ಣಾನ ಬ್ಯಾರೆ.

ಗಂಡಸರಿಗೆ ಇದನ್ನ ಹೇಳೋದು ಇನ್ನೂ ಕಠಿಣ. ಹೆಣ್ಮಕ್ಕಳ ಸಾಮಾನು ನಾ ಯಾಕ ಹಚ್ಚಲಿ ಅಂತಾರ, ಹಂಗಂದವರು ಕಟಿಂಗ್ ಅಂಗಡ್ಯಾಗ ಬ್ಲೀಚು, ಫೇಶಿಯಲ್ಲು, ಮಾರಿ ಮ್ಯಾಲ ಸೌತಿಕಾಯಿ ಎಲ್ಲಾ ಮಾಡಿಸ್ಕೊಂಡು ಬರ್ತಾರ, ಅದು ಮಾತ್ರ ಗಂಡಸ್ತನ.

ಮೂವತ್ತರ ಆಚೀಚಿ ಹೆಣ್ಮಕ್ಕಳಿಗೆ ಬಂಗು. ಬಸರಿದ್ದಾಗ ಬರ್ತೈತಿ, ಬಸರು ತಡೆಯೋ ಗುಳಿಗಿ ನುಂಗಿದ್ರ ಬರ್ತೈತಿ, ಕೆಲವ್ರಿಗೆ ಕಾರಣ ಇಲ್ಲದನೂ ಬರ್ತೈತಿ, ಬಿಸಲು ಅದಕ್ಕ ತುಪ್ಪ ಸುರೀತೈತಿ. ತಿಕ್ಕಿದ್ರ ಹೋಗಂಗಿಲ್ಲ, ತಿಕ್ಕಿದಷ್ಟೂ ಗಟ್ಟಿ. ಕಣ್ಣಿಗೆ ಕಾಣೋ ಬೆಳಕಿಗೂ ಬಂಗು ಕಪ್ಪಾಗ್ತೈತಿ, ಅದಕ್ಕ ಐರನ್ ಆಕ್ಸೈಡ್ ಇರೋ ಟಿಂಟೆಡ್ ಸನ್‌ಸ್ಕ್ರೀನ್ ಹಚ್ಚರಿ ಅಂತ ಡಾಕ್ಟರು ಹೇಳೋದು. ಸುಕ್ಕು, ಕಲಿಗೆ ಅಂತ ರೆಟಿನಾಲ್ ಕ್ರೀಮ್ ಹಚ್ಚೋರು ರಾತ್ರಿ ಹಚ್ಚಬೇಕು, ಬಸರಿ ಆಗೋ ವಿಚಾರ ಇದ್ರ ಬಿಡಬೇಕು, ಇದೊಂದು ಮರೀಬ್ಯಾಡ್ರಿ. ಮುಟ್ಟು ನಿಂತ ಮ್ಯಾಲ ಮೊದಲ ಐದು ವರ್ಷದಾಗ ಚರ್ಮ ಬಿಗಿಯಾಗಿ ಹಿಡಿದಿಡೋ ಕೊಲ್ಯಾಜನ್ ಸುಮಾರು 30 ಪರ್ಸೆಂಟ್ ಇಳೀತೈತಿ ಅಂತಾರ, ಎಣ್ಣಿ ಗ್ರಂಥಿನೂ ನಿಧಾನ ಆಗ್ತಾವ, ಅಲ್ಲೀತನಕ ನಡದ ಫೇಸ್ ವಾಶ್ ಒಮ್ಮಿಗೆ ಉರಿಯಾಕ ಹತ್ತತೈತಿ. ನಲವತ್ತೈದರ ಅವ್ವ ಮಗಳ ಫೇಸ್ ವಾಶ್ ವಾಪರಸ್ತಾಳ ಅಂದ್ರ ಉಳಿತಾಯ ಏನಲ್ಲ, ಮಗಳದು ಎಣ್ಣಿ ಹೀರಾಕ ತಂದದ್ದು, ಅವ್ವನಂತಲ್ಲಿ ಹೀರಾಕ ಎಣ್ಣಿನ ಉಳದಿಲ್ಲ.

ಇನ್ನ ಆಯಿ. ಅರವತ್ತು ಎಪ್ಪತ್ತಾದ ಮ್ಯಾಲ ಮಾರಿ ಚಿಂತಿ ಯಾರಿಗೂ ಇರಂಗಿಲ್ಲ, ಚಿಂತಿ ಏನಿದ್ರೂ ತುರಿಕಿದು. ಸಂಕ್ರಾಂತಿ ಸುತ್ತಮುತ್ತ, ಸಿದ್ಧೇಶ್ವರ ಜಾತ್ರಿ ಟೈಮಿಗೆ ಒಣ ಚಳಿ ಬಿತ್ತಂದ್ರ ಕಾಲಿನ ಮೀನಖಂಡ ಕೆರದು ಕೆರದು ಗೀರು ಮೂಡ್ತಾವ. ಅದಕ್ಕ ದೊಡ್ಡ ಔಷಧ ಬ್ಯಾಡ, ಬೆಚ್ಚಗಿನ ನೀರು, ಲಗೂ ಜಳಕ, ಸಾಬೂನ ಬರೇ ಕಂಕಳಕ್ಕ, ತೊಡಿಸಂದಿಗೆ, ಪಾದಕ್ಕ, ಒರಸಿಕೊಂಡ ಕೂಡ್ಲೆ ಕೊಬ್ಬರೆಣ್ಣಿನೋ ವ್ಯಾಸಲೀನೋ. ಮೊಡವಿ ಏಳೋ ಮೊಮ್ಮಗಳ ಮಾರಿಗೆ ಅದ ಕೊಬ್ಬರೆಣ್ಣಿ ಬ್ಯಾಡ, ರಂಧ್ರ ಮುಚ್ಚತೈತಿ, ಆದ್ರ ಆಯಿ ಕಾಲಿಗೆ ಭೇಷ್. ಸಕ್ಕರಿ ಜಡ್ಡು ಇದ್ದವ್ರು ಪಾದ ದಿನಾ ನೋಡ್ಕೋಬೇಕು, ಬಗ್ಗಾಕ ಆಗದಿದ್ರ ಮನಿಯವ್ರು ನೋಡಬೇಕು, ಹಿಮ್ಮಡ ಒಡದಿದ್ರ ಎಣ್ಣಿ ಹಚ್ಚಬೇಕು, ಬೆರಳ ಸಂದಿಗೆ ಮಾತ್ರ ಹಚ್ಚಬಾರದು, ಅಲ್ಲಿ ಹಸಿ ನಿಂತು ಬೂಷ್ಟ ಹತ್ತತೈತಿ.

ಎಲ್ಲಾ ಒಪ್ಕೊಂಡ್ರೂ ಆಯಿ ಒಪ್ಪದ್ದು ನೀರಿಂದು. ಹೊಗಿ ಆಡೋವಂಥ ನೀರು ಮೈಮ್ಯಾಲ ಬೀಳಲಿಲ್ಲ ಅಂದ್ರ ಅದು ಜಳಕ ಹೆಂಗಾತು ಅಂತಾಳ. ಬೆಚ್ಚಗಿದ್ರ ಸಾಕು ಆಯಿ, ಸುಡೋ ನೀರು ಇದ್ದ ಜಿಡ್ಡೂ ತಗೀತೈತಿ, ಆಮ್ಯಾಲ ಮತ್ತ ತುರಸ್ತೈತಿ ಅಂತ ಮೊಮ್ಮಗಳು ಹೇಳಿದ್ರ, ಆಯಿ ಗೂಡಿನ ಕಡೆ ಕೈ ಮಾಡಿ ಕೇಳ್ತಾಳ: ‘ಜಿಡ್ಡು ತಗೀಬಾರದು ಅಂತಿ, ಮತ್ತ ಆ ಉಸುಕಿನ ಡಬ್ಬಿ ಯಾರದವಾ?’

ಹುಡುಗಿ ಸ್ಕ್ರಬ್ಬಿನ ಡಬ್ಬಿ ತಗದು ಕಸದ ಬುಟ್ಟ್ಯಾಗ ಒಗಿಯೋದಕ್ಕ, ಆಯಿ ಬಕೆಟ್ಟಿಗೆ ಎರಡು ತಂಬಿಗಿ ತಣ್ಣೀರು ಕೂಡಸೋದಕ್ಕ, ಇಬ್ಬರೊಳಗ ಇನ್ನೂ ಚೌಕಾಶಿ ನಡದೈತಿ. ಆಯಿ ಸದ್ಯಕ್ಕ ಒಂದ ತಂಬಿಗಿಗೆ ಬಂದಾಳ.