‘ಅಲ್ಲಿ ಹೋಗಿ ನೋಡ್ಕೊಳ್ಳೋಣ ಬಿಡು’ ಅಂದವನ ಜೊತೆ ಚೀನಾ

ಚೀನಾ ಹೇಗಿತ್ತು ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದೇನೆ. ಜನ ಇದ್ದರು.

ಇನ್ನೇನು ಹೇಳಲಿ? ಹೆಗಲಿಗೆ ಹನ್ನೊಂದು ಕಿಲೋ ಚೀಲ ಏರಿಸಿಕೊಂಡು ಹತ್ತು ದಿನ ಮೂರು ಊರು ಸುತ್ತಿ ಬಂದೆ. ಜಾಸ್ತಿ ನೋಡಿದ್ದು ಮುಂದೆ ನಿಂತವರ ಬೆನ್ನು. ಚೀನಾದ್ದು ತಪ್ಪಲ್ಲ ಬಿಡಿ. ತಪ್ಪು ನನ್ನ ಜೊತೆ ಬಂದ ಪುಣ್ಯಾತ್ಮನದು. ಅವನ ಮಾತಿಗೆ ತಲೆ ಆಡಿಸಿದ ನನ್ನದು ಇನ್ನೂ ದೊಡ್ಡದು.

ಶುರುವಾಗಿದ್ದು ಜುಲೈನಲ್ಲಿ, ಟೀ ಅಂಗಡಿ ಮುಂದೆ. ‘ಮಗಾ, ಈ ಸಲ ಆಯುಧಪೂಜೆ ಬುಧವಾರ, ವಿಜಯದಶಮಿ ಗುರುವಾರ. ಆಚೆ ಈಚೆ ರಜಾ ಹಾಕಿದ್ರೆ ಹತ್ತು ದಿನ ಆಯ್ತು. ಚೀನಾಗೆ ಹೋಗೋಣ.’ ದಸರಾ ರಜೆಯಲ್ಲಿ ಇಡೀ ಬೆಂಗಳೂರು ಮಡಿಕೇರಿ, ಮೈಸೂರು ಅಂತ ಓಡುತ್ತದೆ. ನಾವು ಗದ್ದಲ ತಪ್ಪಿಸಿಕೊಂಡು ದೂರ ಹೋಗುತ್ತಿದ್ದೇವೆ ಅಂದುಕೊಂಡೆ. ಹೌದು, ಗದ್ದಲ ತಪ್ಪಿಸಿಕೊಳ್ಳಲು ಅಂತಲೇ ಅಂದುಕೊಂಡೆ.

ಅಕ್ಟೋಬರ್ 1 ಚೀನಾದ ರಾಷ್ಟ್ರೀಯ ದಿನ. 1949ರಲ್ಲಿ ಮಾವೊ ಹೊಸ ಗಣರಾಜ್ಯ ಘೋಷಿಸಿದ ದಿನ. ಅಲ್ಲಿಂದ ಒಂದು ವಾರ ದೇಶಕ್ಕೆ ದೇಶವೇ ರಜೆ. 2025ರಲ್ಲಿ ಅವರ ಚಂದ್ರನ ಹಬ್ಬವೂ ಅಕ್ಟೋಬರ್ 6ಕ್ಕೆ ಬಂದು ಅದಕ್ಕೇ ಸೇರಿಕೊಂಡು ರಜೆ ಎಂಟು ದಿನ ಆಗಿತ್ತು. ನೂರನಲವತ್ತು ಕೋಟಿ ಜನರ ದೇಶ ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ವಾರಕ್ಕೇ ನಾವು ಹೋಗಿ ಇಳಿದಿದ್ದೇವೆ. ಕ್ಯಾಲೆಂಡರ್ ನೋಡಿದವರು ಯಾರು? ಅವನು ನೋಡಿರಲಿಲ್ಲ. ಅವನು ನೋಡಿರುತ್ತಾನೆ ಅಂತ ನಾನೂ ನೋಡಲಿಲ್ಲ.

ಟಿಕೆಟ್, ರೂಮ್ ಏನು ಕೇಳಿದರೂ ಅವನದು ಒಂದೇ ಮಂತ್ರ. ‘ಬ್ಯಾಕ್‌ಪ್ಯಾಕಿಂಗ್ ಅಂದ್ರೆ ಹಂಗೆಲ್ಲ ಬುಕ್ ಮಾಡ್ಕೊಂಡು ಹೋಗೋದಲ್ಲ ಗುರು. ಅಲ್ಲಿ ಹೋಗಿ ನೋಡ್ಕೊಳ್ಳೋಣ ಬಿಡು.’

ಬೀಜಿಂಗ್‌ನಲ್ಲಿ ಇಳಿದದ್ದು ಸೆಪ್ಟೆಂಬರ್ 29, ಸೋಮವಾರ. ಅಲ್ಲಿನ ಹಳೇ ದೊರೆಗಳ ಅರಮನೆ ಫರ್ಬಿಡನ್ ಸಿಟಿಗೆ ಸೋಮವಾರ ರಜಾ. ಸರಿ, ನಾಳೆ ಹೋಗೋಣ ಅಂದ. ಅಲ್ಲಿ ನಾಳೆ ಹೋಗೋಣ ಅನ್ನುವುದೇ ಇಲ್ಲ. ಏಳು ದಿನ ಮೊದಲು ರಾತ್ರಿ ಎಂಟಕ್ಕೆ ಆನ್‌ಲೈನ್‌ನಲ್ಲಿ ಟಿಕೆಟ್ ಬಿಡುತ್ತಾರೆ, ಪಾಸ್‌ಪೋರ್ಟ್ ನಂಬರ್ ಹಾಕಿ ಹಿಡಿಯಬೇಕು. ಬಾಗಿಲಲ್ಲಿ ಕೌಂಟರ್, ಕ್ಯೂ, ಬ್ಲ್ಯಾಕ್ ಟಿಕೆಟ್ ಯಾವುದೂ ಇಲ್ಲ. ತಿಯಾನನ್ಮೆನ್ ಚೌಕಕ್ಕೆ ಕಾಲಿಡಲೂ ಮೊದಲೇ ಬುಕಿಂಗ್ ಬೇಕು. ಚೌಕ ಸ್ವಾಮಿ, ಬಯಲು! ಅದಕ್ಕೂ ಪಾಸ್‌ಪೋರ್ಟ್.

ಕೊನೆಗೆ ಅರಮನೆಯ ಹಿಂದಿನ ಜಿಂಗ್‌ಶಾನ್ ಗುಡ್ಡ ಹತ್ತಿ ಮೇಲಿಂದ ನೋಡಿದೆವು. ಹಳದಿ ಹೆಂಚಿನ ಚಾವಣಿಗಳು ಕಣ್ಣು ಮುಟ್ಟುವವರೆಗೆ ಸಾಲಾಗಿ ಕೂತಿದ್ದವು, ಸಂಜೆ ಬಿಸಿಲಿಗೆ ಹೊಳೆಯುತ್ತಿದ್ದವು. ಚೆನ್ನಾಗಿತ್ತು, ಇಲ್ಲ ಅನ್ನಲಾರೆ. ಮಿಂಗ್ ವಂಶದ ಕೊನೆಯ ದೊರೆ ಚೋಂಗ್‌ಝೆನ್ 1644ರಲ್ಲಿ ನೇಣು ಹಾಕಿಕೊಂಡದ್ದು ಇದೇ ಗುಡ್ಡದ ಒಂದು ಮರಕ್ಕೆ. ಆ ಮರ ಈಗಿಲ್ಲ, ಬದಲಿಗೆ ಬೇರೆ ಮರ ನೆಟ್ಟಿದ್ದಾರೆ. ಪುಣ್ಯಾತ್ಮ ಆ ಮರದ ಮುಂದೆ ಎರಡು ಬೆರಳೆತ್ತಿ ಸೆಲ್ಫಿ ತೆಗೆದುಕೊಂಡ. ಮಹಾಗೋಡೆಯ ಮೇಲೆ ಅಕ್ಟೋಬರ್ 1ರಂದು ನಾನು ನಡೆದೆ ಅಂತ ಬರೆದರೆ ಸುಳ್ಳಾಗುತ್ತದೆ. ಹಿಂದಿನವರು ನಡೆಸಿಕೊಂಡು ಹೋದರು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನಗೆ ಇವತ್ತಿಗೂ ಉರಿಯುವುದು ಇದೇ.

ಅಲ್ಲಿ ಎಲ್ಲ ಫೋನಿನಲ್ಲೇ. ಅಲಿಪೇ, ಇಲ್ಲವೇ ವೀಚಾಟ್. ಹೊರದೇಶದವರು ವೀಸಾ, ಮಾಸ್ಟರ್ ಕಾರ್ಡ್ ಸೇರಿಸಿಕೊಳ್ಳಬಹುದು. ಹೋಗುವ ಮೊದಲೇ ಇದನ್ನು ಅವನಿಗೆ ಎರಡು ಸಲ ಹೇಳಿದ್ದೆ. ‘ನಮ್ಮ ಥರಾನೇ ಕ್ಯೂಆರ್ ಇರುತ್ತಲ್ಲ ಮಗಾ, ಆಗುತ್ತೆ’ ಅಂದ. ಅವನ ಹತ್ತಿರ ಇದ್ದದ್ದು ಒಂದು ರುಪೇ ಕಾರ್ಡ್, ಒಂದು ಯುಪಿಐ ಆಪ್. ಎರಡೂ ಅಲ್ಲಿ ಆಟಿಕೆ. ಬನ್ನು, ಬಸ್ಸು, ನೀರು, ರೂಮು, ಅವನು ಅಮ್ಮನಿಗೆ ಕೊಂಡ ರೇಷ್ಮೆ ಸ್ಕಾರ್ಫ್, ಎಲ್ಲದಕ್ಕೂ ನನ್ನ ಫೋನು. ಒಂದೇ ಬಿಲ್ಲು 200 ಯುವಾನ್ ದಾಟಿದರೆ ಹೊರದೇಶದ ಕಾರ್ಡಿಗೆ ನೂರಕ್ಕೆ ಮೂರು ಶುಲ್ಕ. ಅದರ ಮೇಲೆ ನಮ್ಮ ಊರಿನ ಬ್ಯಾಂಕಿನವರ ಕತ್ತರಿ ಬೇರೆ. ‘ಲೆಕ್ಕ ಬರೆದಿಡು ಮಗಾ, ಊರಿಗೆ ಹೋದ ತಕ್ಷಣ ಕೊಡ್ತೀನಿ.’

ಇಂಟರ್ನೆಟ್‌ದೂ ಅದೇ ಕಥೆ. ಗೂಗಲ್, ವಾಟ್ಸಾಪ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಅಲ್ಲಿ ತೆರೆಯುವುದಿಲ್ಲ. ಹೊರಗಿನ ಸಿಮ್‌ನ ರೋಮಿಂಗ್ ಇದ್ದರೆ ನಡೆಯುತ್ತದೆ. ನಾನು ಹಾಕಿಸಿಕೊಂಡು ಹೋಗಿದ್ದೆ. ಅವನು? ‘ನಿನ್ನ ಹಾಟ್‌ಸ್ಪಾಟ್ ಆನ್ ಮಾಡೋ.’ ನನ್ನ ಬ್ಯಾಟರಿ ತಿಂದುಕೊಂಡು ದಿನಾ ಸ್ಟೇಟಸ್ ಹಾಕಿದ. ‘ಸೋಲ್ ಸರ್ಚಿಂಗ್ ಇನ್ ಚೈನಾ’ ಅಂತೆ.

30ರ ರಾತ್ರಿ ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡು ‘ಷಿಯಾನ್‌ಗೆ ಟ್ರೈನ್ ನೋಡೋಣ ಕಣೋ’ ಅಂದ. ಅಲ್ಲಿ ರೈಲಿನ ಟಿಕೆಟ್ ಹದಿನೈದು ದಿನ ಮೊದಲೇ ಬಿಡುತ್ತಾರೆ. ಬುಲೆಟ್ ಟ್ರೈನ್ ಆದರೆ ಸುಮಾರು ಐದು ಗಂಟೆಯ ದಾರಿ, ಒಂದೂ ಸೀಟಿಲ್ಲ. ಸ್ಲೀಪರ್ ಇಲ್ಲ. ಕಡೆಗೆ ಸಿಕ್ಕಿದ್ದು ಹಳೇ ರೈಲಿನಲ್ಲಿ ‘ಊಝುವೊ’. ಹಾಗಂದರೆ ಸೀಟಿಲ್ಲದ ಟಿಕೆಟ್. ಬೆಲೆ ಮಾತ್ರ ಸೀಟಿದ್ದವರದೇ, ಸುಮಾರು 150 ಯುವಾನ್. ಸುಮಾರು ಹದಿನಾಲ್ಕು ಗಂಟೆ ಪ್ರಯಾಣ. ನಮ್ಮ ಜನರಲ್ ಬೋಗಿಯಲ್ಲಾದರೆ ‘ಸ್ವಲ್ಪ ಸರೀರಿ’ ಅಂದು ಅರ್ಧ ಕುಂಡೆ ಊರಬಹುದು. ಅಲ್ಲಿ ಸರಿಯಿರಿ ಅನ್ನಲೂ ಭಾಷೆ ಗೊತ್ತಿಲ್ಲ.

ನಮಗೆ ಜಾಗ ಸಿಕ್ಕಿದ್ದು ಎರಡು ಬೋಗಿ ಸೇರುವ ಕಡೆ, ಬಿಸಿನೀರಿನ ನಲ್ಲಿಯ ಪಕ್ಕ. ಚೀನಾದ ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ. ಬೋಗಿಯ ಪ್ರತಿಯೊಬ್ಬರೂ ನೂಡಲ್ಸ್ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಬರುತ್ತಾರೆ. ಒಬ್ಬೊಬ್ಬರು ಬಗ್ಗಿದಾಗಲೂ ಹಬೆ ನನ್ನ ಕುತ್ತಿಗೆಗೆ. ಬೆಳ್ಳುಳ್ಳಿ, ಗೋಮಾಂಸದ ಮಸಾಲೆ, ಪಕ್ಕದ ಕಕ್ಕಸಿನ ಫಿನಾಯಿಲ್, ಎಲ್ಲ ಸೇರಿ ಒಂದು ವಾಸನೆ. ಈಗಲೂ ಕುಕ್ಕರ್ ಕೂಗಿದರೆ ಮೂಗಿಗೆ ಅದೇ ಬರುತ್ತದೆ. ಅರ್ಧ ಗಂಟೆಗೊಮ್ಮೆ ತಳ್ಳುಗಾಡಿಯವನು ಬರುತ್ತಿದ್ದ. ಬಿಯರ್, ಜ್ಯೂಸು, ನೀರು, ಕಡಲೆಕಾಯಿ, ಸೂರ್ಯಕಾಂತಿ ಬೀಜ, ಡಬ್ಬಿ ಗಂಜಿ ಅಂತ ರಾಗವಾಗಿ ಕೂಗಿ, ಕೊನೆಗೆ ‘ಕಾಲು ತೆಗೀರಿ’. ಆಗ ನೆಲದಲ್ಲಿ ಕೂತವರೆಲ್ಲ ಏಳಬೇಕು, ಚೀಲ ತಲೆಗೆತ್ತಬೇಕು, ಅವನು ದಾಟಿದ ಮೇಲೆ ಮತ್ತೆ ಕೂರಬೇಕು. ಹತ್ತು ಸಲ ಎಣಿಸಿದೆ, ಆಮೇಲೆ ಬಿಟ್ಟೆ.

ಅಲ್ಲಿನವರು ಸೀಟಿಲ್ಲದ ಟಿಕೆಟ್‌ಗೆ ಮನೆಯಿಂದಲೇ ಮಡಚುವ ಪುಟ್ಟ ಸ್ಟೂಲ್ ತರುತ್ತಾರೆ. ಒಬ್ಬ ಅಜ್ಜಿ ನನ್ನ ಮುಖ ನೋಡಿ ‘ಯಿನ್ದು?’ ಅಂದರು. ಇಂಡಿಯಾನಾ ಅಂತ. ಹೌದು ಅಂತ ತಲೆ ಆಡಿಸಿದೆ. ತಮ್ಮ ಸ್ಟೂಲ್ ಕೊಟ್ಟು ತಾವು ಎದ್ದು ನಿಂತರು. ಬೇಡ ಬೇಡ ಅಂದರೂ ಭುಜ ಹಿಡಿದು ಕೂರಿಸಿದರು. ಅಂಗೈಗೆ ಒಂದು ಹಿಡಿ ಸೂರ್ಯಕಾಂತಿ ಬೀಜ ಸುರಿದರು. ಹಲ್ಲಿನಲ್ಲಿ ಹೇಗೆ ಸೀಳಬೇಕು ಅಂತ ಮಾಡಿ ತೋರಿಸಿದರು. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಒಂದೇ ರಿಸರ್ವ್ಡ್ ಸೀಟು ಅದು. ಪುಣ್ಯಾತ್ಮ ನನ್ನ ಚೀಲದ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದ.

ಒಂದು ಮಾತು ಮರೆತೆ. ಕಕ್ಕಸು. ನಮ್ಮ ಹಳೇ ಮನೆಯಲ್ಲಿದ್ದ ಹಾಗೇ ಕುಕ್ಕರುಗಾಲಲ್ಲಿ ಕೂರುವಂಥದ್ದು ನೋಡಿ ಖುಷಿಪಟ್ಟೆ. ಕೂತ ಮೇಲೆ ನಲ್ಲಿ ಹುಡುಕಿದೆ. ನಲ್ಲಿಯೂ ಇಲ್ಲ, ಚೊಂಬೂ ಇಲ್ಲ. ಎಷ್ಟೋ ಕಡೆ ಕಾಗದವೂ ಇಲ್ಲ, ಅವರವರದು ಅವರವರು ತರಬೇಕು. ಇಷ್ಟು ಸಾಕು.

ಷಿಯಾನ್‌ನಲ್ಲಿ ಇಳಿದಾಗ ರಾತ್ರಿ ಎರಡು ದಾಟಿತ್ತು. ರೈಲಿನಲ್ಲೇ ಅವನು ಹೇಳಿದ ಅಗ್ಗದ ಹೋಟೆಲ್ ಬುಕ್ ಮಾಡಿದ್ದೆವು, ದುಡ್ಡು ನನ್ನದೇ. ಕೌಂಟರಿನ ಹುಡುಗಿ ನಿದ್ದೆಗಣ್ಣಲ್ಲಿ ಪಾಸ್‌ಪೋರ್ಟ್ ತೆಗೆದುಕೊಂಡಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ಹೊರದೇಶದವರು ಬಂದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿ ಆಗಬೇಕು, ಹೋಟೆಲಿನವರೇ ಮಾಡಬೇಕು. ಅವಳಿಗೆ ಕಂಪ್ಯೂಟರಿನಲ್ಲಿ ಎಲ್ಲಿ ಒತ್ತಬೇಕೋ ಗೊತ್ತಿಲ್ಲ. ಅದರ ಮೇಲೆ ನಮ್ಮವನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ! ನಮ್ಮ ಕಡೆ ಎಷ್ಟೋ ಜನರದು ಹಾಗೇ ತಾನೆ? ಊರು, ಅಪ್ಪನ ಹೆಸರು, ಸ್ವಂತ ಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ರೈಲು ಬೋಗಿಯ ಹಾಗೆ ಜೋಡಿಸಿದ್ದಾರೆ. ಚೀನಾದಲ್ಲಿ ಮನೆತನದ ಹೆಸರೇ ಮೊದಲು ಬರುವುದು. ಅದಿಲ್ಲದ ಮನುಷ್ಯನನ್ನು ಅವಳು ಬಹುಶಃ ಮೊದಲ ಸಲ ನೋಡಿದ್ದಳು. ಫೋನಿನಲ್ಲಿ ಏನೋ ಮಾತಾಡಿದಳು, ಅದು ಇಂಗ್ಲಿಷಿನಲ್ಲಿ ಒದರಿತು. ಕ್ಷಮಿಸಿ, ಇಲ್ಲಿ ವಿದೇಶಿಯರಿಗೆ ಜಾಗವಿಲ್ಲ.

ವಿದೇಶಿಯರು ಅನ್ನುವ ಕಾರಣಕ್ಕೆ ಹೋಟೆಲುಗಳು ರೂಮ್ ನಿರಾಕರಿಸಬಾರದು ಅಂತ ಅಲ್ಲಿನ ಸರ್ಕಾರ 2024ರಲ್ಲೇ ಹೇಳಿದೆ. ಅದನ್ನೂ ಟೈಪ್ ಮಾಡಿ ತೋರಿಸಿದೆ. ಅವಳು ಓದಿದಳು, ತಲೆ ತಗ್ಗಿಸಿ ಮತ್ತೆ ಕ್ಷಮಿಸಿ ಅಂದಳು. ಪಾಪ, ಅವಳ ಕಣ್ಣಲ್ಲಿ ನೀರು ಬರುವ ಹಾಗಿತ್ತು. ರಾತ್ರಿ ಎರಡೂವರೆಗೆ ಯಾರ ಮೇಲೆ ಕೂಗಾಡಲಿ? ನಾಲ್ಕನೇ ಹೋಟೆಲ್‌ನಲ್ಲಿ ರೂಮ್ ಸಿಕ್ಕಿತು, ಮೂರು ಪಟ್ಟು ರೇಟಿಗೆ. ‘ನೋಡಿದ್ಯಾ, ಸಿಕ್ತಲ್ಲ’ ಅಂದ ಇವನು. ಹೊಡೆಯಲಿಲ್ಲ. ಕೈಯಲ್ಲಿ ಚೀಲ ಇತ್ತು.

ಷಿಯಾನ್‌ನ ಟೆರಾಕೋಟಾ ಸೈನ್ಯವನ್ನು, ಅಂದರೆ ನೆಲದಡಿ ಹೂತಿದ್ದ ಸುಟ್ಟ ಮಣ್ಣಿನ ಸೈನಿಕರ ಗೊಂಬೆಗಳನ್ನು, 1974ರಲ್ಲಿ ಬಾವಿ ತೋಡುತ್ತಿದ್ದ ರೈತರು ಕಂಡರಂತೆ. ಅದೃಷ್ಟವಂತರು, ಮುಂದೆ ಯಾರೂ ಇರಲಿಲ್ಲ. ನಾನು ಕಂಡದ್ದು ಮುಂದಿನವರು ಎತ್ತಿ ಹಿಡಿದ ಫೋನುಗಳ ಪರದೆಯಲ್ಲಿ.

ಷಿಯಾನ್‌ನಲ್ಲಿ ಮನಸ್ಸಿಗೆ ಸಮಾಧಾನ ಆದದ್ದು ಒಂದೇ ಕಡೆ, ದೊಡ್ಡ ಕಾಡು ಹೆಬ್ಬಾತು ಪಗೋಡ. ಹ್ಯುಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು. ನಮಗೆಲ್ಲ ಅವನು ಶಾಲೆಯ ಪರಿಚಯ, ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಹೊಗಳಿ ಬರೆದವನು ಅಂತ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದೆವು. ಹದಿನಾರು ವರ್ಷ ಮರುಭೂಮಿ, ಹಿಮದ ಬೆಟ್ಟ ಎಲ್ಲ ದಾಟಿದ ಮನುಷ್ಯ. ಅವನ ಪ್ರತಿಮೆ ಮುಂದೆ ನಿಂತು ಒಂದೇ ಯೋಚನೆ ಬಂತು. ಅವನ ಜೊತೆ ಹಾಟ್‌ಸ್ಪಾಟ್ ಕೇಳುವವನು ಇರಲಿಲ್ಲ.

ಮೂರನೇ ಊರು ಚೆಂಗ್ಡುಗೂ ರೈಲಿಲ್ಲ, ವಿಮಾನ ಹತ್ತಬೇಕಾಯಿತು. ತಪಾಸಣೆಯಲ್ಲಿ ನನ್ನ ಪವರ್ ಬ್ಯಾಂಕ್ ಕಿತ್ತುಕೊಂಡರು. ಅವರ 3ಸಿ ಅನ್ನುವ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ದೇಶದೊಳಗಿನ ವಿಮಾನದಲ್ಲಿ ಒಯ್ಯಬಾರದು, 2025ರ ಜೂನ್ 28ರಿಂದ ನಿಯಮ. ನಮ್ಮಲ್ಲಿ ಕೊಂಡಿದ್ದರಲ್ಲಿ ಆ ಗುರುತು ಎಲ್ಲಿರುತ್ತದೆ? ಡಬ್ಬದೊಳಗೆ ಹಾಕಿದೆ, ಅಲ್ಲಿ ಆಗಲೇ ಒಂದು ರಾಶಿ ಇತ್ತು. ಇದು ಯಾರ ತಪ್ಪೂ ಅಲ್ಲ, ಒಪ್ಪಿಕೊಂಡೆ. ಆದರೆ ಮುಂದೆ ಆಗಿದ್ದು ಕೇಳಿ.

ಅವತ್ತು ಸಂಜೆ ಚೆಂಗ್ಡುವಿನ ಗಲ್ಲಿಯೊಂದರಲ್ಲಿ ಫೋನು 2 ಪರ್ಸೆಂಟ್. ಹಾಟ್‌ಸ್ಪಾಟ್ ಕೃಪೆ. ಬೀದಿಗೆ ಎರಡರಂತೆ ಪವರ್ ಬ್ಯಾಂಕ್ ಬಾಡಿಗೆಗೆ ಕೊಡುವ ಪೆಟ್ಟಿಗೆಗಳಿವೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಒಂದು ಹೊರಗೆ ಬರುತ್ತದೆ. ಸ್ಕ್ಯಾನ್ ಮಾಡಲು ಫೋನ್ ಎತ್ತಿದೆ, ಸತ್ತುಹೋಯಿತು. ಇವನ ಫೋನು 80 ಪರ್ಸೆಂಟ್, ಆದರೆ ಅದರಲ್ಲಿ ದುಡ್ಡೂ ಇಲ್ಲ, ನೆಟ್ಟೂ ಇಲ್ಲ. ಫೋನು ಸತ್ತರೆ ಅಲ್ಲಿ ದುಡ್ಡಿಲ್ಲ, ಮ್ಯಾಪಿಲ್ಲ, ರೂಮಿನ ವಿಳಾಸವಿಲ್ಲ, ಮಾತೂ ಇಲ್ಲ. ಎದುರಿಗೆ ನೂಡಲ್ಸ್ ಅಂಗಡಿ. ಅಲ್ಲಿನ ಅಕ್ಕ ನನ್ನ ಕೈಯಲ್ಲಿನ ವೈರ್ ನೋಡಿ ಏನೂ ಕೇಳದೆ ಗಲ್ಲಾಪೆಟ್ಟಿಗೆ ಹಿಂದೆ ಚಾರ್ಜ್‌ಗೆ ಹಾಕಿದರು. ಸುಮ್ನೆ ಕೂರುವುದು ಬೇಡ ಅಂತ ಎರಡು ಬಟ್ಟಲು ನೂಡಲ್ಸ್ ಹೇಳಿದೆ.

ಮೊದಲ ತುತ್ತಿಗೇ ನಾಲಿಗೆ ಜುಮ್ ಅಂದಿತು. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದವರ ಹುವಾಜಿಯಾವ್ ಅನ್ನುವ ಮಸಾಲೆ ಕಾಯಿ. ನಾನು ಹೊನ್ನಾವರದವನು, ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ದಾಯಾದಿ ಅಂತ ತಕ್ಷಣ ಗೊತ್ತಾಯಿತು. ಐದು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬಾ ತಿಂದೆ. ಪುಣ್ಯಾತ್ಮ ನಾಲಿಗೆ ಹೊರಗೆ ಹಾಕಿಕೊಂಡು ‘ಮಗಾ, ಬಾಯಿಗೆ ಇಂಜೆಕ್ಷನ್ ಕೊಟ್ಟಂಗಾಗಿದೆ, ತಣ್ಣೀರು ಕೇಳೋ’ ಅಂದ. ಅಕ್ಕ ಬಿಸಿನೀರು ತಂದಿಟ್ಟರು. ನಾನು ಏನೂ ಹೇಳಲಿಲ್ಲ. ಅವನು ಕುಡಿಯುವುದನ್ನು ನೋಡಿದೆ.

ಹೋಗುವಾಗ ಬರುವಾಗ ಎರಡೂ ಸಲ ಕೌಲಾಲಂಪುರದಲ್ಲಿ ರಾತ್ರಿಯೆಲ್ಲ ಕಾದಿದ್ದೆವು. ನಾವು ಬಂದು ಮೂರು ವಾರ ತುಂಬುವ ಮೊದಲೇ, ಐದು ವರ್ಷ ನಿಂತಿದ್ದ ನೇರ ವಿಮಾನ ಕೊಲ್ಕತ್ತಾದಿಂದ ಗುವಾಂಗ್‌ಝೌಗೆ ಶುರುವಾಯಿತು. ಆ ಸುದ್ದಿಯನ್ನು ನನಗೆ ಕಳಿಸಿದವನೂ ಇವನೇ, ನಗುವ ಗೊಂಬೆ ಹಾಕಿ.

ಅವನ ಪಾಲಿನ ಲೆಕ್ಕ 4,310 ಯುವಾನ್. ಯುವಾನ್‌ಗೆ ಹನ್ನೆರಡು ರೂಪಾಯಿ ಅಂದರೂ ಐವತ್ತು ಸಾವಿರದ ಮೇಲೆ. ಕಾರ್ಡಿನ ಶುಲ್ಕ ನಾನು ಸೇರಿಸಿಲ್ಲ. ಇಲ್ಲಿಯವರೆಗೆ ಬಂದದ್ದು ಎರಡು ಸಾವಿರ, ಅದೂ ‘ಸದ್ಯಕ್ಕೆ ಇಟ್ಕೋ’ ಅಂತ.

ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದಾನೆ. ಚೀನಾದ ಹಾರ್ಬಿನ್‌ನಲ್ಲಿ ಐಸ್ ಹಬ್ಬ ನಡೆಯುತ್ತಂತೆ, ಶಿವರಾತ್ರಿ ಭಾನುವಾರ ಬಂದಿದೆ, ಅದರ ಮುಂದಿನ ವಾರ ರಜಾ ಹಾಕಿದರೆ ಹೋಗಿ ಬರಬಹುದಂತೆ. ಈ ಸಲ ಕ್ಯಾಲೆಂಡರ್ ನಾನೇ ತೆಗೆದೆ. 2026ರ ಶಿವರಾತ್ರಿ ಫೆಬ್ರವರಿ 15. ಚೀನಾದವರ ಹೊಸ ವರ್ಷ ಫೆಬ್ರವರಿ 17. ದಸರಾದಲ್ಲಿ ನೋಡಿದ್ದು ಬರೀ ರಿಹರ್ಸಲ್, ಇಡೀ ದೇಶ ಊರಿಗೆ ಹೊರಡುವುದು ಆಗ.

ಅವನಿಗೆ ಅದನ್ನು ಹೇಳಲಿಲ್ಲ. ನೀನು ಬುಕ್ ಮಾಡ್ಕೋ, ನಾನು ಆಮೇಲೆ ಬಂದು ಸೇರ್ಕೋತೀನಿ ಅಂತ ಬರೆದಿದ್ದೇನೆ.