ಭಾವ ಮೆಚ್ಚಿದ ಶಿಕ್ಷೆ

ಕಳೆದ ಭಾನುವಾರ ಹಾಸನದಿಂದ ಅಕ್ಕ ಫೋನ್ ಮಾಡಿದ್ದಳು. ಮಾತು ಮುಗಿಯುವ ಹೊತ್ತಿಗೆ ಭಾವ ಫೋನ್ ಇಸಿದುಕೊಂಡರು. ಬಸ್ ನಿಲ್ದಾಣದ ಬಳಿ ಹದಿನಾರರ ಹುಡುಗನೊಬ್ಬ ಜಗಳದಲ್ಲಿ ಇನ್ನೊಬ್ಬನಿಗೆ ಚಾಕು ಹಾಕಿದ್ದಾನಂತೆ. "ನಮ್ಮಲ್ಲಿ ಬಾಲಕ ಎಂದು ಬಿಟ್ಟುಬಿಡುತ್ತಾರೆ. ನಿಮ್ಮ ಅಮೆರಿಕ ಆಗಿದ್ದರೆ ಸಾಯುವವರೆಗೆ ಒಳಗೆ ಹಾಕುತ್ತಿದ್ದರು" ಎಂದರು. ಮೆಚ್ಚಿ ಆಡಿದ ಮಾತು ಅದು. ನನಗೆ ಚುಚ್ಚಿತು.

ನಾನಿರುವುದು ಫಿಲಡೆಲ್ಫಿಯಾದಲ್ಲಿ. ಎಳೆಯ ವಯಸ್ಸಿನ ಅಪರಾಧಕ್ಕೆ ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆ ಪಡೆದವರು ಈ ನಗರದವರಷ್ಟು ಬೇರೆಲ್ಲಿಯೂ ಇರಲಿಲ್ಲ. ಇಲ್ಲಿಯ ಜೋ ಲಿಗಾನ್ 1953ರಲ್ಲಿ, 15ನೇ ವಯಸ್ಸಿನಲ್ಲಿ ಜೈಲು ಸೇರಿದವರು ಹೊರಬಂದದ್ದು 2021ರಲ್ಲಿ, 83ನೇ ವಯಸ್ಸಿನಲ್ಲಿ. ಮಕ್ಕಳಿಗೆ ಇಂಥ ಶಿಕ್ಷೆಯನ್ನು ಕಡ್ಡಾಯ ಮಾಡಬಾರದು ಎಂದು ಇಲ್ಲಿಯ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು; ಅದು ಹಳೆಯ ಕೈದಿಗಳಿಗೂ ಸಲ್ಲುತ್ತದೆ ಎನ್ನಲು 2016 ಆಗಬೇಕಾಯಿತು.

ಹಾಗೆ ಹೊರಬಂದ ಒಬ್ಬರು ನಮ್ಮ ಬಡಾವಣೆಯ ಚರ್ಚಿನಲ್ಲಿ ಶನಿವಾರ ದಿನಸಿ ಹಂಚುವಾಗ ನನ್ನ ಪಕ್ಕದಲ್ಲಿ ಕುಳಿತು ಆಲೂಗಡ್ಡೆ ಆರಿಸುತ್ತಾರೆ. 17ಕ್ಕೆ ಒಳಗೆ ಹೋದವರು. ಈಗ ತಲೆಯೆಲ್ಲ ಬೆಳ್ಳಗಾಗಿದೆ. ಸಂಜೆ ನಾಲ್ಕಾಯಿತೆಂದರೆ ಕೈಯಲ್ಲಿದ್ದುದನ್ನು ಬುಟ್ಟಿಗೆ ಹಾಕಿ ಎದ್ದು ನಿಲ್ಲುತ್ತಾರೆ, ಗೋಡೆಗೆ ಬೆನ್ನು ಕೊಟ್ಟು. ಜೈಲಿನಲ್ಲಿ ಅದು ತಲೆ ಎಣಿಸುವ ಹೊತ್ತು. ಅರೆ ನಿಮಿಷದ ಮೇಲೆ ನಾಚಿಕೊಂಡು ಕೂರುತ್ತಾರೆ. ತಾಯಿಯ ಮಣ್ಣಿಗೂ ಅವರನ್ನು ಬಿಡಲಿಲ್ಲವಂತೆ. ಭಾವ ಬೇಕೆನ್ನುವ ಶಿಕ್ಷೆ ಇದೇ.

ನಮ್ಮಲ್ಲಿ ಬಿಟ್ಟುಬಿಡುತ್ತಾರೆ ಎನ್ನುವುದೂ ಸರಿಯಲ್ಲ. 2012ರ ದೆಹಲಿಯ ನಿರ್ಭಯಾ ಅತ್ಯಾಚಾರ ಪ್ರಕರಣದ ಕಾವಿನಲ್ಲಿ ಬಂದ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, 16 ತುಂಬಿದವರು ಘೋರ ಅಪರಾಧ ಮಾಡಿದರೆ ವಯಸ್ಕರಂತೆಯೇ ವಿಚಾರಣೆ ನಡೆಸಬಹುದು. ಆದರೆ ಅದೇ ಕಾಯ್ದೆಯ 21ನೇ ಕಲಮು ಗಲ್ಲನ್ನೂ ಬಿಡುಗಡೆಯಿಲ್ಲದ ಜೀವಾವಧಿಯನ್ನೂ ಮಕ್ಕಳಿಗೆ ವಿಧಿಸಕೂಡದು ಎನ್ನುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ನಾವು 1992ರಲ್ಲೇ ಒಪ್ಪಿದೆವು. ಅಮೆರಿಕ ಇಂದಿಗೂ ಅನುಮೋದಿಸಿಲ್ಲ. ಇಷ್ಟು ದೂರ ಕುಳಿತು ಆ ಕಲಮನ್ನು ಓದುವಾಗ ನನಗೆ ಊರಿನ ಬಗ್ಗೆ ಅಭಿಮಾನ ಉಕ್ಕುತ್ತದೆ.

ಒಂದನ್ನು ಮಾತ್ರ ಒಪ್ಪಲೇಬೇಕು. ಇಲ್ಲಿ ಶಿಕ್ಷೆ ವಿಧಿಸುವ ಮುನ್ನ ಸತ್ತವನ ತಾಯಿಗೆ ನ್ಯಾಯಾಲಯದಲ್ಲಿ ಮಾತನಾಡಲು ಬಿಡುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ವಿಚಾರಣೆಯ ದಿನವೂ ತಿಳಿಯುವುದಿಲ್ಲ. ಭಾವನ ಸಿಟ್ಟು ಅಲ್ಲಿಂದ ಹುಟ್ಟಿದ್ದರೆ ಅದು ತಪ್ಪಲ್ಲ.

ಚಾಕು ತಿಂದ ಹುಡುಗನ ಮನೆಗೆ ಹೋಗಿದ್ದಿರಾ ಎಂದು ಕೇಳಿದೆ. ಇಲ್ಲ, ಹೋಗಬೇಕು ಎಂದರು. ಇನ್ನೊಬ್ಬನ ಮನೆಗೂ ಹೋಗಿ ಬನ್ನಿ ಎಂದೆ. ಭಾವ ಮಾತನಾಡಲಿಲ್ಲ. ಅವನ ತಾಯಿ ನಮ್ಮ ಬೀದಿಗೆ ಸೊಪ್ಪು ತರುವವಳು, ನಾಲ್ಕು ದಿನದಿಂದ ಬಂದಿಲ್ಲ ಎಂದು ಅಕ್ಕ ಹಿಂದಿನಿಂದ ಹೇಳಿದ್ದು ಕೇಳಿಸಿತು.